ಕೆಚ್ಚುವ ಅಕ್ಕ ಕೂಲಿ ಕೇಳಿದ್ದು

ಅಕ್ಕನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಹುಣಸೆ ಬೀಜದ ಹಾಗೆ ನುಣುಪಾಗಿತ್ತು. ಅಲ್ಲಿ ಗೆರೆ ಎಂಬುದೇ ಇರಲಿಲ್ಲ. ಬೂದಿ ಮುಟ್ಟಿ ಮುಟ್ಟಿ, ನೂಲು ಹೊಸೆದು ಹೊಸೆದು ಎಲ್ಲ ಸವೆದು ಹೋಗಿತ್ತು. ರೇಷನ್ ಅಂಗಡಿಗೆ ಬೆರಳು ಒತ್ತುವ ಮಷಿನ್ನು ಬಂದಾಗ ಅದು ಊರಿನ ಎಲ್ಲರ ಬೆರಳನ್ನೂ ಹಿಡಿಯಿತು, ಅಕ್ಕನದನ್ನು ಮಾತ್ರ ಒಲ್ಲೆ ಅಂದಿತು. ಅಂಗಡಿಯವನು “ಒರಿಸಿ ಒತ್ರಿ ಆಯಿ” ಅಂದ. ಒರೆಸಿದಳು. “ಇನ್ನಷ್ಟ ಗಟ್ಟಿ ಒತ್ರಿ” ಅಂದ. ಒತ್ತಿದಳು. ನಾಲ್ಕನೆಯ ಸಲಕ್ಕೆ ಆಕೆಗೆ ಸಿಟ್ಟು ಬಂತು.

“ನನ್ನ ಬೆರಳಿನ ಗೆರಿ ಈ ಊರ ಮಂದಿ ಮೈಮ್ಯಾಲ ಅದಾವೋ ತಮ್ಮಾ. ಅವರ ಸೀರಿಯಾಗ, ಧೋತರದಾಗ. ಹೋಗಿ ಅವರ ಬೆನ್ನಿಗೆ ಒತ್ತು ನಿನ್ನ ಮಷಿನ್ನ.”

ಪಾಳಿಯಲ್ಲಿ ನಿಂತವರೆಲ್ಲ ನಕ್ಕರು. ಕೊನೆಗೆ ಎಡಗೈಯ ಕಿರುಬೆರಳನ್ನು ಮಷಿನ್ನು ಒಪ್ಪಿಕೊಂಡಿತು. ಆಮೇಲೆ ಆಕೆ ಆ ಬೆರಳಿಗೆ ‘ಸರಕಾರಿ ಬೆರಳು’ ಅಂತ ಹೆಸರಿಟ್ಟಳು. ರೇಷನ್ನಿಗೆ ಹೋಗುವ ದಿನ ಅದನ್ನು ಪಾತ್ರೆ ತಿಕ್ಕಲೂ ಬಿಡುತ್ತಿರಲಿಲ್ಲ.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ಬನಹಟ್ಟಿಯಲ್ಲಿ ಸರಕಾರ ನೇಕಾರರಿಗೆ ಕಟ್ಟಿಸಿಕೊಟ್ಟ ಕಾಲೊನಿಯಲ್ಲಿ ನಮ್ಮ ನೆರೆಯವಳು. ಎರಡು ಮನೆಗಳ ನಡುವೆ ಒಂದೇ ಗೋಡೆ. ಆಕೆ ಆಚೆ ಕೆಮ್ಮಿದರೆ ನಾನು ಈಚೆ ನೀರು ಕಾಯಿಸಲು ಇಡುತ್ತಿದ್ದೆ. ನಾನು ಈಚೆ ಗಂಡನ ಮೇಲೆ ಕೂಗಾಡುತ್ತಿದ್ದರೆ ಆಕೆ ಆಚೆಯಿಂದ “ಸಾಕ ಬಿಡಬೇ, ಅವ ಆಗಲೇ ಹೊರಗ ಹೋಗ್ಯಾನ” ಅನ್ನುತ್ತಿದ್ದಳು. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಗಂಡ ಬೇಗ ತೀರಿಕೊಂಡಿದ್ದ. ಇದ್ದ ಒಬ್ಬ ಮಗಳನ್ನು ರನ್ನ ಬೆಳಗಲಿಗೆ ಕೊಟ್ಟಿದ್ದಳು. ಅವರಿಗೆ ಕಬ್ಬಿನ ಹೊಲ, ಅಳಿಯನಿಗೆ ಸಕ್ಕರೆ ಫ್ಯಾಕ್ಟರಿಯಲ್ಲಿ ಪಗಾರದ ಕೆಲಸ. ಮಗಳು ಬಂದಾಗಲೆಲ್ಲ, “ನಮ್ಮ ಮನಿಗೆ ಬಾ ಯವ್ವಾ, ಕುಂತ ಉಣ್ಣು” ಎಂದು ಕರೆಯುತ್ತಿದ್ದಳು.

“ಕುಂತ ಉಣ್ಣಾಕ ನನ್ನ ಕೈಗೇನ ಲಕ್ವಾ ಹೊಡದೈತೇನು?” ಎಂದು ಅಕ್ಕ ಆಕೆಯನ್ನು ಬಸ್ಸಿಗೆ ಹತ್ತಿಸಿ ಬರುತ್ತಿದ್ದಳು.

ಆಕೆಯ ಹಟ ಇಷ್ಟೇ. ತನ್ನ ಕೈಯಿಂದ ದುಡಿಯಬೇಕು, ತನ್ನ ಒಲೆಯ ಮೇಲೆ ರೊಟ್ಟಿ ಬೇಯಿಸಬೇಕು, ಯಾರ ಹಂಗೂ ಇಲ್ಲದೆ ಉಣ್ಣಬೇಕು. ನಾನು ಹೇಳಹೊರಟದ್ದು ಆ ಹಟದ ಮಾತು.

ಮಗ್ಗದ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು ನೇಯುತ್ತ ನೇಯುತ್ತ ಮುಗಿದುಹೋಗುತ್ತದೆ. ಆಗ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ತುದಿಯನ್ನು ಎಳೆಗೆ ಎಳೆ ಕೂಡಿಸಬೇಕು. ಎರಡು ಸಾವಿರದ ಮೇಲೆ ಎಳೆ. ಒಂದನ್ನೂ ಬಿಡುವ ಹಾಗಿಲ್ಲ, ಹಿಂದೆಮುಂದೆ ಮಾಡುವ ಹಾಗಿಲ್ಲ. ಇದಕ್ಕೆ ಕೆಚ್ಚುವುದು ಅನ್ನುತ್ತೇವೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎರಡು ತುದಿ ಸೇರಿಸಿ ಹೊಸೆದರೆ ಗಂಟಿಲ್ಲದೆ ಕೂಡುತ್ತದೆ. ಅವಸರದವರು ಗಂಟು ಹಾಕುತ್ತಾರೆ, ಅದು ಎಳೆ ಹಾಯುವ ಬಾಚಣಿಗೆಯಂಥ ಹಣಿಗೆಯಲ್ಲಿ ಸಿಕ್ಕು ಹರಿಯುತ್ತದೆ. ಗಂಟು ಹಾಕುವವರನ್ನು ಅಕ್ಕ ಮನುಷ್ಯರಲ್ಲಿ ಎಣಿಸುತ್ತಿರಲಿಲ್ಲ. ಬೂದಿಯನ್ನು ತಾನೇ ಸುಟ್ಟು, ಅರಿವೆಯಲ್ಲಿ ಸೋಸಿ, ತೆಂಗಿನ ಚಿಪ್ಪಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಕೂರುವ ಮುಂಚೆ ಅದನ್ನೇ ಹಣೆಗೂ ಎಳೆದುಕೊಳ್ಳುವಳು.

“ಈಬತ್ತಿ ಬ್ಯಾರೆ, ಬೂದಿ ಬ್ಯಾರೆ ಅಲ್ಲೇನ ಅಕ್ಕಾ?” ಎಂದು ಒಮ್ಮೆ ಕೇಳಿದ್ದೆ.

“ಅದು ಶಿವಗ ಗೊತ್ತೈತಿ. ನಿನಗ್ಯಾಕ ಚಿಂತಿ?” ಅಂದಿದ್ದಳು.

ಕೆಚ್ಚುವುದಕ್ಕೆ ನಮ್ಮಲ್ಲಿ ಕೂಲಿ ಇರಲಿಲ್ಲ. ಮುಯ್ಯಿ ಇತ್ತು. ಇಂದು ನನ್ನ ಹಾಸು ಮುಗಿದರೆ ಅಕ್ಕ ಬಂದು ಕೂರುವುದು, ಎಂಟು ದಿನಕ್ಕೆ ಅಕ್ಕನದು ಮುಗಿದರೆ ನಾನು ಹೋಗಿ ಕೂರುವುದು. ಕಾಲೊನಿಯ ಎಲ್ಲ ಮನೆಗಳಲ್ಲೂ ಹೀಗೇ. ಒಬ್ಬರು ಇನ್ನೊಬ್ಬರಿಗೆ ಕೈ ಕೊಡುವುದು, ಆ ಕೈ ತಿರುಗಿ ಬರುವುದು.

ಆಗ ಎಲ್ಲರ ಮನೆಯಲ್ಲೂ ಒಂದೇ ಬಟ್ಟೆ ನೇಯುತ್ತಿದ್ದೆವು. ಸರಕಾರದ ಡಿಪೋದವರು ನೂಲು ಕೊಡುವರು, ನಾವು ನೇಯ್ದು ತಿರುಗಿ ಅವರಿಗೇ ಒಪ್ಪಿಸುವುದು. ಬಡವರಿಗೆ ಹಂಚುವ ಸೀರೆ, ಧೋತರ. ಎಲ್ಲರಿಗೂ ಒಂದೇ ಮಜೂರಿ. ಯಾರ ಮನೆಯಲ್ಲೂ ಹೆಚ್ಚೇನೂ ಇರಲಿಲ್ಲ, ಹಾಗಾಗಿ ಹೊಟ್ಟೆಕಿಚ್ಚಿಗೆ ಜಾಗ ಕಡಿಮೆ. ಜಗಳವೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಡಿಪೋದ ಮುಂದೆ ಪಾಳಿಗಾಗಿ ಬೇಕಾದಷ್ಟು ಜಗಳ ಆಡಿದ್ದೇವೆ. ಮುಂಜಾನೆ ಹೋಗಿ ಚೀಲಗಳನ್ನು ಸಾಲಾಗಿ ಇಟ್ಟು ಬೇವಿನ ಗಿಡದ ಕೆಳಗೆ ಕೂರುತ್ತಿದ್ದೆವು. ಬಾಗಿಲು ತೆಗೆಯುವಷ್ಟರಲ್ಲಿ ಮಧ್ಯಾಹ್ನ. ಚೀಲಗಳ ಮೇಲೆ ಕಣ್ಣಿಡುವ ಕೆಲಸ ಅಕ್ಕನದು. ಯಾರೂ ಒಪ್ಪಿಸಿದ್ದಲ್ಲ, ಆಕೆಯೇ ಹಿಡಿದುಕೊಂಡದ್ದು. ಒಮ್ಮೆ ಒಬ್ಬಳು ಯಾರಿಗೂ ಕಾಣದ ಹಾಗೆ ಕಾಲಿನಿಂದ ತನ್ನ ಚೀಲವನ್ನು ಮೆಲ್ಲಗೆ ಮುಂದೆ ನೂಕುತ್ತಿದ್ದಳು.

“ಯವ್ವಾ ತಂಗಿ, ನಿನ್ನ ಚೀಲಕ್ಕ ಕಾಲ ಬಂದಾವ ನೋಡ. ಎಲ್ಲಿಗೆ ಹೊಂಟೈತಿ ಕೇಳು” ಎಂದು ಅಕ್ಕ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು.

ಆ ಒಬ್ಬಳು ನಾನೇ. ಮನೆಗೆ ಬರುವಾಗ ದಾರಿಯುದ್ದಕ್ಕೂ ಆಕೆಯ ಜೊತೆ ಮಾತಾಡಲಿಲ್ಲ. ಮರುದಿನ ನನ್ನ ಹಾಸು ಮುಗಿದಿತ್ತು. ಆಕೆಯೇ ಬಂದು ಕೂತು ಕೆಚ್ಚಿದಳು, ಚೀಲದ ಮಾತು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಆಲಮಟ್ಟಿಯಲ್ಲಿ ನೀರು ನಿಲ್ಲಿಸತೊಡಗಿದ ವರ್ಷಗಳಲ್ಲೇ ನಮ್ಮ ನೂಲೂ ಇಳಿಯುತ್ತ ಬಂತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಎರಡೂ ಒಂದೇ ಹೊತ್ತಿಗೆ ಆದವು ಅಷ್ಟೆ. ಪವರ್‌ಲೂಮಿನ ಸೀರೆ ಅಗ್ಗಕ್ಕೆ ಸಿಗುವಾಗ ಕೈಮಗ್ಗದ್ದು ಯಾರಿಗೆ ಬೇಕು? ಡಿಪೋದಲ್ಲಿ ಮೊದಲು ಚೀಲ ತುಂಬ ಕೊಡುತ್ತಿದ್ದರು, ಆಮೇಲೆ ಅರ್ಧ ಚೀಲ, ಆಮೇಲೆ ವಾರ ಬಿಟ್ಟು ವಾರ. ನಮ್ಮ ಎದುರು ಮನೆಯವರು ಮಗ್ಗ ಕಿತ್ತು, ಮನೆ ಮಾರಿ, ಮಕ್ಕಳ ಕಡೆ ಹೋದರು. ಆ ಮನೆಯನ್ನು ಬೀಳಗಿ ಕಡೆಯ ಮುಳುಗಡೆ ಊರಿನವರು ಕೊಂಡರು. ಹೊಲ ನೀರಿನಲ್ಲಿ ಹೋಗಿತ್ತು, ಪರಿಹಾರದ ದುಡ್ಡು ಕೈಗೆ ಬಂದಿತ್ತು. ಆ ದುಡ್ಡಿನಲ್ಲಿ ನಾಲ್ಕು ಪವರ್‌ಲೂಮು ಹಾಕಿದರು. ಜೋಳ ಬಿತ್ತಿ ಗೊತ್ತಿದ್ದವರು, ನೂಲು ಮುಟ್ಟಿ ಗೊತ್ತಿಲ್ಲದವರು. ಆದರೂ ಅವರ ಮಷಿನ್ನು ನಡೆಯಿತು, ಹಂಚಿನ ಮನೆ ಹೋಗಿ ಸ್ಲ್ಯಾಬು ಬಂತು. ನಮ್ಮ ಮನೆಯವರು ದಿನಾ ಕಟ್ಟೆಯ ಮೇಲೆ ಕೂತು ಅದನ್ನು ನೋಡಿದರು. ನಾಲ್ಕು ತಿಂಗಳು ನೋಡಿ, ನಾವೂ ಎರಡು ಹಾಕುವುದೆಂದು ಗಟ್ಟಿ ಮಾಡಿದರು.

ತಪ್ಪೇನಿಲ್ಲ. ಮನೆಯಲ್ಲಿ ಉಣ್ಣುವ ಬಾಯಿ ಆರು. ಆದರೆ ಮಷಿನ್ನು ನಡೆದರೆ ನಡುಗೋಡೆ ಅದುರುತ್ತದೆ. ಆ ಗೋಡೆಗೆ ಹತ್ತಿಯೇ ಅಕ್ಕನ ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವುದು. ಗೋಡೆ ಅದುರಿದರೆ ಆಕೆಯ ಹಾಸಿನ ಎಳೆ ಹರಿಯುತ್ತವೆ. ಆಕೆಯನ್ನು ಒಂದು ಮಾತು ಕೇಳದೆ ಹೇಗೆ?

“ನೀನ ಕೇಳು. ಹೆಣ್ಣಮಕ್ಕಳ ಮಾತು ಹೆಣ್ಣಮಕ್ಕಳಾಗ ಇರಲಿ” ಎಂದು ನಮ್ಮ ಮನೆಯವರು ಜಾರಿಕೊಂಡರು.

ನಾನು ಮೂರು ದಿನ ಮಜ್ಜಿಗೆ ತೆಗೆದುಕೊಂಡು ಹೋಗಿ, ಬಿಸಿಲಿನ ಮಾತಾಡಿ, ತಿರುಗಿ ಬಂದೆ. ನಾಲ್ಕನೆಯ ದಿನ ಅಕ್ಕ ಲಾಳಿ ಹೊಡೆಯುವುದನ್ನು ನಿಲ್ಲಿಸದೆ ಕೇಳಿದಳು.

“ಮಜ್ಜಿಗಿ ಕೊಡಾಕ ಬಂದೀಯೋ, ಮಷಿನ್ನಿನ ಮಾತ ಆಡಾಕ ಬಂದೀಯೋ?”

“ಮಜ್ಜಿಗಿ ಉಳದಿತ್ತು, ಅದಕ್ಕ…”

“ನಿನ್ನ ಮಜ್ಜಿಗಿ ಕುಡದ ಕುಡದ ನನ್ನ ಹಲ್ಲ ಜುಮ್ ಅನ್ನಾಕತ್ತಾವ. ಮಾತ ಆಡಿ ಹೋಗು.”

ಆಡಿದೆ. ಆಕೆ ಇನ್ನೊಂದು ಗೇಣು ನೇಯ್ದಳು.

“ಹಾಕ್ರಿ. ನಿಮ್ಮ ಹೊಟ್ಟಿಗೆ ನಾ ಯಾಕ ಅಡ್ಡ ಬರಲಿ? ಆದ್ರ ಮಗ್ಗದ ಮ್ಯಾಲಿನ ಈ ಹಾಸು ಮುಗಿಯೂತನಾ ಬಟನ್ ಒತ್ತಬ್ಯಾಡ್ರಿ.”

ಮಷಿನ್ನು ಬಂದವು, ನಿಂತವು, ಗೋಣಿತಟ್ಟು ಹೊದ್ದುಕೊಂಡು ಕೂತವು. ಅಕ್ಕ ತನ್ನ ಎಂದಿನ ಗತಿಯಲ್ಲೇ ನೇಯ್ದಳು. ಅವಸರ ಮಾಡಲಿಲ್ಲ, ಬೇಕೆಂದು ಎಳೆಯಲೂ ಇಲ್ಲ. ನಮ್ಮ ಮನೆಯವರು ಗೋಡೆಗೆ ಕಿವಿಗೊಟ್ಟು ಓಡಾಡುತ್ತಿದ್ದರು. “ಇನ್ನ ಎಷ್ಟ ಉಳದೈತಿ ಕೇಳಿ ಬಾ” ಅಂದರು. “ಈಗ ನೀವ ಕೇಳ್ರಿ” ಅಂದೆ. ಅವರು ಕೇಳಲಿಲ್ಲ. ಹನ್ನೆರಡನೆಯ ದಿನ ಅಕ್ಕ ಬಟ್ಟೆ ಕೊಯ್ದು ಮಡಚಿಟ್ಟು ನಮ್ಮ ಬಾಗಿಲಿಗೆ ಬಂದಳು. “ಇನ್ನ ಚಾಲೂ ಮಾಡ್ರಿ” ಅಂದಳು. ಮಾಡಿದರು. ಕಿವಿ ಮುಚ್ಚಿಕೊಳ್ಳದೆ ಸ್ವಲ್ಪ ಹೊತ್ತು ನಿಂತು ನೋಡಿದಳು.

“ಇದು ಉಸರ ತಗೊಳ್ಳೂದ ಇಲ್ಲೇನ?” ಎಂದು ಕೇಳಿ ಹೋದಳು.

ಆ ಬಟ್ಟೆಯನ್ನು ಡಿಪೋಗೆ ಒಪ್ಪಿಸಿ ಖಾಲಿ ಚೀಲ ಹಿಡಿದು ಬಂದಳು. ಮುಂದಿನ ವಾರ ಬಾ ಎಂದಿದ್ದರು. ಆಮೇಲೆ ಮುಂದಿನ ತಿಂಗಳು ಎಂದರು. ಆಮೇಲೆ ಏನೂ ಅನ್ನಲಿಲ್ಲ. ನಮ್ಮ ಮಷಿನ್ನಿನಿಂದ ಆಕೆಯ ಮಗ್ಗ ನಿಂತಿತೆಂದು ನಾನು ಎದೆ ಬಡಿದುಕೊಳ್ಳುವುದಿಲ್ಲ. ನಮ್ಮದು ಇಲ್ಲದಿದ್ದರೂ ನಿಲ್ಲುತ್ತಿತ್ತು. ಆದರೆ ನಿಂತದ್ದು ನಮ್ಮ ಮಷಿನ್ನಿನ ಸದ್ದಿನೊಳಗೆ, ಅದನ್ನೂ ಅಲ್ಲಗಳೆಯುವುದಿಲ್ಲ. ತಿಂಗಳೊಪ್ಪತ್ತು ಕಾದು ಅಕ್ಕ ಕುಣಿಯೊಳಗೆ ಉಳ್ಳಾಗಡ್ಡಿ ತುಂಬಿ ಮೇಲೆ ಹಲಗೆ ಮುಚ್ಚಿದಳು. “ತಂಪ ಇರತಾವ” ಅಂದಳು.

ನಮ್ಮ ಮಷಿನ್ನಿಗೂ ಹಾಸು ಮುಗಿಯುತ್ತದೆ. ಉರುಳೆಗೆ ಸುತ್ತಿದ ಹಾಸು, ಅದಕ್ಕೆ ಬೀಮು ಅನ್ನುತ್ತಾರೆ. ಕರೆಂಟು ಎಲ್ಲ ಮಾಡೀತು, ಕೆಚ್ಚುವುದಿಲ್ಲ. ಅದಕ್ಕೆ ಬೆರಳೇ ಬೇಕು. ಮೊದಲ ಬೀಮು ಮುಗಿದಾಗ ಅಕ್ಕ ಕರೆಯದೇ ಬಂದಳು. ಒಂದೂವರೆ ದಿನ ಬೆನ್ನು ಬಗ್ಗಿಸಿ ಕೆಚ್ಚಿದಳು. ಎರಡನೆಯದಕ್ಕೂ ಬಂದಳು, ಮೂರನೆಯದಕ್ಕೂ ಬಂದಳು. ನಾನು ತಿರುಗಿ ಮುಯ್ಯಿ ಮಾಡಲು ಆಕೆಯ ಮನೆಯಲ್ಲಿ ಮಗ್ಗವೇ ಇಲ್ಲ. ಅದು ನನಗೆ ಭಾರವಾಗತೊಡಗಿತು. ಒಮ್ಮೆ ಜೋಳ ಕಳಿಸಿದೆ, ಒಮ್ಮೆ ಶೇಂಗಾ ಎಣ್ಣೆ ಕಳಿಸಿದೆ. ಪಂಚಮಿಗೆ ನಮ್ಮ ಮಷಿನ್ನಿನದೇ ಒಂದು ಸೀರೆ ಕೊಟ್ಟೆ. ಆಕೆ ಅಂಚನ್ನು ಬೆರಳ ನಡುವೆ ತಿಕ್ಕಿ ನೋಡಿದಳು.

“ಛಲೋ ಐತಿ. ಯಾಕ ಕೊಟ್ಟಿ?”

“ಹಬ್ಬಕ್ಕ.”

“ಹೋದ ವರ್ಷ ಪಂಚಮಿ ಬಂದಿರಲಿಲ್ಲೇನು?”

ಆಕೆ ಸೀರೆಯನ್ನು ಒಳಗಿಟ್ಟಳು, ಉಡಲಿಲ್ಲ.

ಅದೇ ಸುಮಾರಿಗೆ ಎದುರುಮನೆಯವರ ಬೀಮು ಮುಗಿಯಿತು. ಕಾಲೊನಿಯಲ್ಲಿ ಕೇಳಿದಾಗ ಎಲ್ಲರೂ ಅಕ್ಕನ ಕಡೆ ಬೆರಳು ತೋರಿಸಿದರು. ಅಕ್ಕ ಹೋಗಿ ಕೆಚ್ಚಿ ಕೊಟ್ಟಳು. ಆ ಮನೆಯವಳು ಹೊಲದಲ್ಲಿ ಕಳೆ ತೆಗೆಯಲು ಆಳು ಕರೆದು ರೂಢಿಯಿದ್ದವಳು. ಕೆಲಸ ಮುಗಿದೊಡನೆ ಅಕ್ಕನ ಕೈಯಲ್ಲಿ ಕೂಲಿ ಇಟ್ಟಳು. ಅಕ್ಕ ಅದನ್ನು ಸೆರಗಿಗೆ ಕಟ್ಟಿಕೊಂಡು ನಗುತ್ತ ನಮ್ಮ ಮನೆಗೆ ಬಂದಳು.

“ಅವರಿಗೆ ಮುಯ್ಯಿ ಗೊತ್ತಿಲ್ಲಬೇ. ಕೂಲಿ ಗೊತ್ತೈತಿ.”

ನಾನೂ ನಕ್ಕೆ. ಹೊರಗಿನವರ ಅಜ್ಞಾನವೆಂದು ನಕ್ಕೆ. ಆಕೆ ನಕ್ಕದ್ದು ಬೇರೆ ಕಾರಣಕ್ಕೆಂದು ನಾಲ್ಕನೆಯ ಬೀಮು ಮುಗಿದಾಗ ತಿಳಿಯಿತು. ಆಕೆ ಬರಲಿಲ್ಲ. ಒಂದು ದಿನ ಕಾದೆವು. ಮಷಿನ್ನು ಸುಮ್ಮನೆ ನಿಂತಿತ್ತು. ಮರುದಿನ ನಾನೇ ಹೋದೆ. ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು.

“ಅಕ್ಕಾ, ಬೀಮ ಮುಗದೈತಿ.”

“ಮುಗದರ ಕೆಚ್ಚರಿ.”

“ನೀ ಬರೂದಿಲ್ಲೇನ?”

“ನಾ ಬಂದ ಕೆಚ್ಚಿದ್ರ ನೀ ತಿರುಗಿ ಎಲ್ಲಿ ಕೆಚ್ಚತಿ? ನನ್ನ ಕುಣಿಯಾಗಿನ ಉಳ್ಳಾಗಡ್ಡಿಗೆ ಕೆಚ್ಚತೀಯೇನು?”

ಅಕ್ಕ ಬೆಳ್ಳುಳ್ಳಿ ಕೆಳಗಿಟ್ಟಳು.

“ಮುಯ್ಯಿ ಅಂದ್ರ ಹೋಗೂದು ಬರೂದು ಎರಡೂ ಇರಬೇಕ ತಂಗಿ. ಈಗ ನಾ ಬರತೇನಿ, ನಿನಗ ಬರಾಕ ಜಾಗಾನ ಇಲ್ಲ. ಅದಕ್ಕ ನೀ ಜ್ವಾಳ ಕಳಸ್ತಿ, ಎಣ್ಣಿ ಕಳಸ್ತಿ, ಸೀರಿ ಕೊಡತಿ. ನಾಳಿ ನಿನ್ನ ಸೊಸಿ ಬಂದಾಕಿ ಏನಂತಾಳ? ಪಾಪ, ಆ ಮುದುಕಿಗೆ ಒಂದ ರೊಟ್ಟಿ ಕೊಟ್ಟ ಬರ್ರಿ ಅಂತಾಳ. ನನಗ ಆ ಪಾಪ ಬ್ಯಾಡ. ಕೂಲಿ ಹೇಳು, ಈಗ ಬರತೇನಿ.”

“ನಿನಗ ಕೂಲಿ ಕೊಡಾಕ ನನಗ ನಾಚಿಕಿ ಬರತೈತಿ ಅಕ್ಕಾ. ಮಂದಿ ಏನಂದಾರು?”

“ನಾಚಿಕಿ ನಿಂದು, ಹೊಟ್ಟಿ ನಂದು. ಯಾವದ ದೊಡ್ಡದು ನೀನ ನೋಡು.”

ನನಗೆ ಸಿಟ್ಟು ಬಂತು. “ಇಷ್ಟ ವರ್ಷ ಒಂದ ಗ್ವಾಡಿ ಹಂಚಿಕೊಂಡ ಬಾಳೇವಿ. ಈಗ ಕೂಲಿ ಕೇಳ್ತಿ? ಎದುರಮನಿಯವ್ರು ಕೆಡಸ್ಯಾರ ನಿನ್ನ.”

“ಕೆಡಸಿಲ್ಲಬೇ. ಕಲಿಸ್ಯಾರ.”

ಬಾಗಿಲು ಬಡಿದು ಬಂದೆ. ಬೂದಿ ಸೋಸಿಕೊಂಡು ನಾನೇ ಕೂತೆ. ನನಗೇನು ಕೆಚ್ಚಲು ಬರುವುದಿಲ್ಲವೇ? ನಾಲ್ಕನೆಯ ಇಯತ್ತೆಗೆ ಸಾಲೆ ಬಿಡಿಸಿ ನನ್ನನ್ನು ಕೂರಿಸಿದ್ದೇ ಈ ಕೆಲಸಕ್ಕೆ. ಎರಡು ದಿನ ಕೂತೆ, ಮನಸ್ಸಿನಲ್ಲಿ ಆಕೆಯನ್ನು ಬೈಯುತ್ತಲೇ ಕೂತೆ. ಕೊನೆಗೆ ನೋಡಿದರೆ ಹೊಸ ಹಾಸಿನ ಒಂದು ಎಳೆ ಜೊತೆಯಿಲ್ಲದೆ ಉಳಿದುಬಿಟ್ಟಿತು. ಎಲ್ಲೋ ಹಳೆಯ ಹಾಸಿನದೊಂದನ್ನು ಬಿಟ್ಟಿದ್ದೆ. ನಮ್ಮ ಮನೆಯವರಿಗೆ ಹೇಳಲಿಲ್ಲ. ಆ ಎಳೆಯನ್ನು ಅಂಚಿನ ಎಳೆಗಳ ಜೊತೆ ಮೆಲ್ಲಗೆ ಸೇರಿಸಿಬಿಟ್ಟೆ.

ಮಷಿನ್ನು ಚಾಲೂ ಮಾಡಿದರು. ನಾಲ್ಕು ಬೆರಳು ನೇಯ್ದು ನಿಂತಿತು. ಹರಿದ ಎಳೆ ಹುಡುಕಿ ಕೂಡಿಸಿದರು. ಮತ್ತೆ ನಿಂತಿತು. ಸಿಟ್ಟಿನಲ್ಲಿ ಹೊಸೆದ ಎಳೆಗಳು ಒಂದೊಂದೇ ಬಿಚ್ಚಿಕೊಳ್ಳುತ್ತಿದ್ದವು. ಅಷ್ಟೇ ಅಲ್ಲ, ಸೀರೆಯ ದಡಿಯ ಹೂವು ನಟ್ಟನಡುವೆ ಒಡೆದು ಬರತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಬಂದು ಹೊಸ್ತಿಲಾಚೆ ನಿಂತಳು. ಒಳಗೆ ಕಾಲಿಡಲಿಲ್ಲ.

“ಮುಂಜಾನಿಂದ ಹದಿನೇಳ ಸಲ ನಿಂತೈತಿ ನಿಮ್ಮ ಮಷಿನ್ನ. ಬ್ಯಾನಿ ಗೀನಿ ಬಂದಾವೇನ ಅದಕ್ಕ?”

ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ಕಡೀಕ ಎಷ್ಟ ಎಳಿ ಉಳದಿದ್ವು?” ಅಕ್ಕ ನನ್ನನ್ನೇ ಕೇಳಿದಳು.

“ಒಂದ.”

“ಎಲ್ಲಿ ಹಾಕಿದಿ ಅದನ್ನ?”

“ಅಂಚಿನಾಗ ಸೇರಸೇನಿ.”

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. “ಒಂದ ಉಳೀತು ಅಂದ್ರ ಒಂದ ತಪ್ಪಲ್ಲಬೇ. ಎಲ್ಲಿ ಬಿಟ್ಟೀಯೋ ಅಲ್ಲಿಂದ ಈ ಕಡಿಗೆ ಎಲ್ಲಾ ತಪ್ಪು.”

ನಮ್ಮ ಮನೆಯವರಿಗೆ ತಡೆಯಲಾಗಲಿಲ್ಲ. “ಅಕ್ಕಾರ, ಒಳಗ ಬರ್ರಿ. ಕೂಲಿ ನೀವ ಹೇಳ್ರಿ.”

“ಎದುರಮನಿಯವ್ರು ಕೊಟ್ಟಷ್ಟ. ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ. ತಪ್ಪಿದ್ದ ಬಿಚ್ಚೂ ಕೂಲಿ ಮಾತ್ರ ಬ್ಯಾರೆ.”

ಒಳಗೆ ಬಂದು ಕೂತು, ಎಳೆಗಳ ಮೇಲೆ ಎಡಗಡೆಯಿಂದ ಬೆರಳಾಡಿಸುತ್ತ ಹೋದಳು. ಕಣ್ಣು ಎದುರಿನ ಗೋಡೆಯ ಮೇಲಿತ್ತು. ಎರಡು ಗೇಣು ಹೋಗಿ ಬೆರಳು ನಿಂತಿತು.

“ಇಲ್ಲಿ ಬಿಟ್ಟಿ ನೋಡು. ಇಲ್ಲಿ ಬಂದಾಗ ಮನಸ ಎಲ್ಲಿಗೆ ಹೋಗಿತ್ತು?”

“ನಿನ್ನ ಬೈಯಾಕ ಹೋಗಿತ್ತು.”

“ಬೈ. ಯಾರ ಬ್ಯಾಡ ಅಂದ್ರು? ಬೈಯೂ ಮುಂದ ಕೈ ನಿಲ್ಲಸಬೇಕ.”

ಅಲ್ಲಿಂದ ಮುಂದಿನದೆಲ್ಲ ಕತ್ತರಿಸಿ ಹೊಸದಾಗಿ ಕೆಚ್ಚಿದಳು, ನನ್ನದರಲ್ಲಿ ಸಡಿಲಿದ್ದುದನ್ನೂ ತಿದ್ದಿದಳು. ಕೂಲಿಯನ್ನು ನಾನೇ ಕೊಡಬೇಕೆಂದು ಕೈ ಚಾಚಿ ಕೂತಳು. ಕೊಟ್ಟೆ. ಕೊಡುವಾಗ ಮುಖ ಬೆಂಕಿಯಾಗಿತ್ತು. ಕೊಟ್ಟಾದ ಮೇಲೆ ನೋಡಿದರೆ ಏನೂ ಆಗಿರಲಿಲ್ಲ. ಮನೆ ಬಿದ್ದಿರಲಿಲ್ಲ, ಮಂದಿ ಬಂದು ನಿಂತಿರಲಿಲ್ಲ. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಮಾತ್ರ ಇಳಿದಿತ್ತು. ಮರುದಿನ ಅಕ್ಕ ಪಂಚಮಿಯ ಸೀರೆ ಉಟ್ಟು ಬಂದು ನಮ್ಮ ಅಂಗಳದಲ್ಲಿ ನಿಂತಳು.

“ಈಗ ಇದು ಹಬ್ಬದ ಸೀರಿ ಆತ ನೋಡು” ಅಂದಳು.

ಆಮೇಲೆ ಒಂದು ಪದ್ಧತಿಯೇ ಆಯಿತು. ಕೆಚ್ಚಲು ಬರುವ ದಿನ ಆಕೆ ಮುಂಬಾಗಿಲಿನಿಂದ ಬರುತ್ತಿದ್ದಳು, ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು, ನಮ್ಮ ಅಡಿಗೆ ಮನೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸಂಜೆ ಕೈ ತೊಳೆದು ಮನೆಗೆ ಹೋಗಿ, ಅರ್ಧ ತಾಸಿಗೆ ಹಿತ್ತಲಿನಿಂದ ಬಟ್ಟಲು ಹಿಡಿದು ಬರುವಳು. “ಮೊಸರ ಐತೇನಬೇ? ಬರೀ ನೀರ ಕೊಡಬ್ಯಾಡ, ಕೆನಿ ಇದ್ದದ್ದ ಕೊಡು.” ಮೊದಮೊದಲು ನನಗೆ ನಗು ಬರುತ್ತಿತ್ತು. ಬರಬರುತ್ತ ಅರ್ಥವಾಯಿತು. ಕೆಲಸ, ನೆರೆತನ ಎರಡನ್ನೂ ಕಲಸಿದ್ದರಿಂದಲೇ ನಮಗಿಬ್ಬರಿಗೂ ಉಸಿರು ಕಟ್ಟಿತ್ತು. ಆಕೆ ಬಿಡಿಸಿ ಬೇರೆ ಬೇರೆ ಇಟ್ಟಳು, ಎರಡೂ ಉಳಿದವು.

ಡಿಪೋದ ನೂಲು ಪೂರ್ತಿ ನಿಂತಾಗ ಕಾಲೊನಿಯಲ್ಲಿ ಮಗ್ಗ ಕಳೆದುಕೊಂಡ ಹೆಂಗಸರು ಬಹಳ. ಪವರ್‌ಲೂಮು ಹಾಕುವ ತಾಕತ್ತು ಎಲ್ಲರಿಗೂ ಇರಲಿಲ್ಲ. ಅಕ್ಕ ಏಳು ಜನರನ್ನು ಕೂಡಿಸಿಕೊಂಡಳು. ಯಾರ ಮನೆಯ ಬೀಮಿಗೆ ಯಾರು ಹೋಗಬೇಕೆಂದು ಪಾಳಿ ಹಚ್ಚಿದಳು. ಎಲ್ಲ ಮನೆಗೂ ಒಂದೇ ಕೂಲಿ. ಹನ್ನೊಂದಕ್ಕೆ ಚಹಾ ಕೊಡಬೇಕು. ಕೂರಲು ದಪ್ಪ ಗೋಣಿತಟ್ಟು ಹಾಕಬೇಕು. ಹೆಂಗಸರು ಕೂತಿರುವಷ್ಟು ಹೊತ್ತು ಪಕ್ಕದ ಮಷಿನ್ನು ನಿಂತಿರಬೇಕು, ಯಾಕೆಂದರೆ ಒಮ್ಮೆ ಲಾಳಿ ಹಾರಿ ಒಬ್ಬಳ ಕಿವಿಯ ಪಕ್ಕದಲ್ಲೇ ಹೋಗಿತ್ತು. ಈ ಕರಾರನ್ನೆಲ್ಲ ಮೊದಲು ಹೊರಿಸಿದ್ದು ನನ್ನ ಮನೆಯ ಮೇಲೆ. “ಇಷ್ಟ ಎಲ್ಲಾ ಯಾಕ ನನಗ?” ಎಂದು ಕೇಳಿದ್ದಕ್ಕೆ, “ನೀ ಹೂಂ ಅಂದ್ರ ಉಳಿದವರು ಅಂತಾರ. ನೀ ಬಾಯಿ ಮಾಡಾಕಿ ಅಂತ ಊರಿಗೇ ಗೊತ್ತೈತಿ” ಅಂದಳು.

ಎದುರುಮನೆಯವಳು ಜಾಣೆ. ಒಂದು ದಿನ ಅಕ್ಕನನ್ನು ಬದಿಗೆ ಕರೆದು, “ನೀವೊಬ್ಬರ ಬರ್ರಿ ಆಯಿ, ನಿಮ್ಮ ಕೈ ಛಲೋ ಐತಿ, ಹೆಚ್ಚ ಕೊಡತೇನಿ” ಅಂದಳು.

“ಈ ಸಲ ನನ್ನ ಪಾಳಿ ಇಲ್ರಿ” ಅಂದಳು ಅಕ್ಕ. ಅಷ್ಟೇ. ಹಿಂದೆ ತಿರುಗಿ ನೋಡದೆ ಬಂದಳು. ಒಂದು ದಿನ ಬಿಟ್ಟು ಪಾಳಿಯವಳಿಗೇ ಕರೆ ಬಂತು.

ಹೀಗೆ ಹತ್ತು ವರ್ಷದ ಮೇಲೆ ನಡೆಯಿತು. ಅಕ್ಕನಿಗೆ ಮೊದಲು ಬೆನ್ನು ಹೋಯಿತು, ಆಮೇಲೆ ಕಣ್ಣು. ಪೊರೆ ತೆಗೆಸಿಕೊಂಡರೂ ಎಳೆ ಕಾಣುತ್ತಿರಲಿಲ್ಲ. ಮಗಳು ಮತ್ತೆ ಬಂದು ಕರೆದಳು. ಏಳು ಜನ ಹೆಂಗಸರು ತಿಂಗಳಿಗಿಷ್ಟು ಕೂಡಿಸಿ ಕೊಡುತ್ತೇವೆ ಅಂದರು. ಎರಡಕ್ಕೂ ಅಕ್ಕ ಕಿವಿಗೊಡಲಿಲ್ಲ. ಬೇರೆ ಕೆಲಸ ಹುಡುಕಿಕೊಂಡಳು. ಹೆಂಗಸರು ಕೆಚ್ಚಿ ಮುಗಿಸಿದ ಮೇಲೆ ಆಕೆ ಹೋಗಿ ಈ ಅಂಚಿನಿಂದ ಆ ಅಂಚಿಗೆ ಬೆರಳಾಡಿಸುವಳು. ತಪ್ಪು ಅಲ್ಲೇ ಸಿಗುತ್ತಿತ್ತು. ಆಕೆ ಕೈಯಾಡಿಸಿದ ಬೀಮು ನಿಲ್ಲುವುದಿಲ್ಲವೆಂದು ಮಷಿನ್ನಿನವರೇ ಕರೆಯತೊಡಗಿದರು. ಅದಕ್ಕೂ ಕೂಲಿ ತೆಗೆದುಕೊಂಡಳು. ಕಡಿಮೆ ತೆಗೆದುಕೊಂಡಳು, ಆದರೆ ಬಿಡಲಿಲ್ಲ.

ಹಾಸಿಗೆ ಹಿಡಿದದ್ದು ನಾಲ್ಕೇ ದಿನ. ಸೋಮವಾರ ಮೂಲೆಮನೆಯ ಬೀಮು ನೋಡಿ ಬಂದಿದ್ದಳು, ಶುಕ್ರವಾರ ಹೋದಳು. ಗುರುವಾರ ಮಧ್ಯಾಹ್ನ ಮಗಳು ಗಂಜಿ ಕುಡಿಸುತ್ತ, “ಮೊದಲ ನಮ್ಮ ಮನಿಗೆ ಬಂದಿದ್ರ ಚಂದ ಇರತಿತ್ತಲ್ಲ ಯವ್ವಾ” ಎಂದು ಅತ್ತಳು.

“ಈಗ ಏನ ಛಂದ ಇಲ್ಲಾ?” ಅಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, “ನಾಳಿ ಎದುರಮನಿ ಬೀಮು ಐತಿ. ಗಂಟ ಹಾಕೂ ಮಂದಿನ್ನ ಕಳಸಬ್ಯಾಡ” ಅಂದಳು. ನನಗೆ ಆಕೆ ಆಡಿದ ಕಡೆಯ ಮಾತು ಅದೇ.

ಕೈಮಗ್ಗದ ಕಾಲದಲ್ಲಿ ಕಾಲೊನಿಯಲ್ಲಿ ಸಾವಾದರೆ ಹೆಣ ಎತ್ತುವ ತನಕ ಒಂದು ಲಾಳಿಯೂ ಹಾರುತ್ತಿರಲಿಲ್ಲ. ಆಕೆ ಹೋದ ದಿನ ಊರಿನ ಮಷಿನ್ನೆಲ್ಲ ನಿಂತವೆಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ಎರಡು ನಿಂತವು, ಎದುರುಮನೆಯ ನಾಲ್ಕು ನಿಂತವು, ನಮ್ಮ ಓಣಿಯವು ನಿಂತವು. ಹಿಂದಿನ ಓಣಿಯವು ನಡೆದೇ ಇದ್ದವು. ಹೆಣ ಹೊತ್ತವರಲ್ಲಿ ಎದುರುಮನೆಯವನೂ ಒಬ್ಬ. ಮುಳುಗಡೆ ಊರಿನಿಂದ ಬಂದ ಮೇಲೆ ಅವನು ಈ ಊರಿನಲ್ಲಿ ಹೆಗಲು ಕೊಟ್ಟ ಮೊದಲ ಹೆಣ ಅದು.

ಅದಾಗಿ ಎರಡು ವರ್ಷಕ್ಕೆ ನಮ್ಮ ಮನೆಯವರೂ ಹೋದರು. ಮಷಿನ್ನು ಹಳೆಯವಾಗಿದ್ದವು, ಮಗ ಮಾರಿ ಜಮಖಂಡಿಯಲ್ಲಿ ಒಂದು ಅಂಗಡಿಗೆ ಕೆಲಸಕ್ಕೆ ಸೇರಿದ. ದಿನಾ ಬಸ್ಸಿಗೆ ಹೋಗಿ ಬರುತ್ತಾನೆ. ನನಗೆ ಉಣ್ಣಲು ಕಡಿಮೆ ಮಾಡಿಲ್ಲ, ಸೊಸೆಯೂ ಒಳ್ಳೆಯವಳು. ಆದರೂ ಒಂದು ಮುಂಜಾನೆ ಬೂದಿ ಸೋಸುತ್ತ ಕೂತೆ. ಮಗ ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ನಿಂತ.

“ಎಲ್ಲಿಗವ್ವಾ?”

“ಕೆಚ್ಚಾಕ.”

“ಮಷಿನ್ನಿಟ್ಟ ಮನಿಯಾಕಿ ನೀ. ಈಗ ಮಂದಿ ಮನಿಗೆ ಕೂಲಿಗೆ ಹೋಗತೀಯೇನು?”

“ಹೂಂ. ಬಸ್ ತಪ್ಪತೈತಿ, ನಡಿ.”

ಆ ಏಳು ಜನರಲ್ಲಿ ಮೂವರು ಉಳಿದಿದ್ದರು, ನಾನು ನಾಲ್ಕನೆಯವಳಾದೆ. ಮೊದಲ ದಿನ ನನ್ನ ಪಾಳಿಗೆ ಬಂದದ್ದು ಮೂಲೆಮನೆ. ಆ ಮನೆಗೆ ಮುಧೋಳದಿಂದ ಹೊಸ ಸೊಸೆ ಬಂದಿದ್ದಳು. ಬಿ.ಎ. ಓದಿದ ಹುಡುಗಿ. ಸಂಜೆ ಕೆಲಸ ಮುಗಿಸಿ ಕೈ ತೊಳೆದೆ. ಅವಳು ಬಾಗಿಲಲ್ಲಿ ನಿಂತು ಸೆರಗು ತಿರುವುತ್ತಿದ್ದಳು.

“ಆಯಿ, ನೀವು ನಮ್ಮ ಓಣಿಯವ್ರು. ನಿಮ್ಮ ಕೈಯಾಗ ಕೂಲಿ ಹೆಂಗ ಇಡೂದ್ರಿ? ಜ್ವಾಳ ನಾಕ ಸೇರ ಕಳಿಸಿ ಕೊಡತೇನಿ.”

“ಓಣಿಯಾಕಿ ಅಂತ ಚಾ ಕೊಡು” ಅಂದೆ. “ಕೆಚ್ಚಾಕಿ ಅಂತ ಕೂಲಿ ಕೊಡು. ಎರಡೂ ತಗೊಂಡ ಹೋಗಾಕಿ ನಾ.”

ಅವಳು ಒಳಗೆ ಹೋದಳು. ಎರಡನ್ನೂ ತಂದು ಕೊಟ್ಟಳು. ಕೂಲಿ ಸರಿಯಾಗಿತ್ತು. ಚಾ ಸ್ವಲ್ಪ ತೆಳ್ಳಗಿತ್ತು.